ಹತ್ತಿರದ ಗುರಿಯೇ ಕಷ್ಟ: ಏರ್ ರೈಫಲ್ ಸ್ಕೋಪಿನ ಒಳಗುಟ್ಟು

ಏರ್ ರೈಫಲ್‌ಗೆ ಒಳ್ಳೆಯ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಕ್ಸ್?’ ಎಂದು. ವರ್ಧನೆ ಹೆಚ್ಚಿದಷ್ಟೂ ಗುರಿ ಚುರುಕು ಎಂಬ ನಂಬಿಕೆ ಅಷ್ಟು ಗಟ್ಟಿ. ಅದರ ಬೆನ್ನಿಗೇ ಇನ್ನೊಂದು ನಂಬಿಕೆ ಇದೆ: ಸಿಡಿಮದ್ದಿನ ಬಂದೂಕಿನ ಒದೆತವನ್ನೇ ತಡೆದುಕೊಳ್ಳುವ ಸ್ಕೋಪಿಗೆ ಗಾಳಿಬಂದೂಕು ಯಾವ ಲೆಕ್ಕ? ಎರಡೂ ತಪ್ಪು. 1000 ಮೀಟರ್ ಆಚೆಯ ಗುರಿಗೆಂದು ಕಟ್ಟಿದ ಅತಿ ದುಬಾರಿ ಸ್ಕೋಪನ್ನು 10 ಮೀಟರ್ ದೂರದ ಕಾಗದಕ್ಕೆ ತಿರುಗಿಸಿ ನೋಡಿ. ಮಂಜು ಕವಿದಂತೆ ಕಾಣಬಹುದು. ದೂರದ್ದು ಕಷ್ಟ, ಹತ್ತಿರದ್ದು ಸುಲಭ ಎಂದು ನಮಗನ್ನಿಸುತ್ತದೆ. ಮಸೂರಗಳ ಲೋಕದಲ್ಲಿ ಲೆಕ್ಕ ತಿರುಗುಮುರುಗು.

ಕಾರಣದ ಹೆಸರು ಪ್ಯಾರಲಾಕ್ಸ್. ಗ್ರಹಣದ ಲೆಕ್ಕ ಹಾಕುತ್ತಿದ್ದ ಹಳೆಯ ಜ್ಯೋತಿರ್ಗಣಿತಜ್ಞರು ಇದನ್ನೇ ‘ಲಂಬನ’ ಎಂದರು. ಕಣ್ಣು ಜರುಗಿದರೆ ಹತ್ತಿರದ ವಸ್ತು ದೂರದ ವಸ್ತುವಿನೆದುರು ಜರುಗಿದಂತೆ ಕಾಣುವುದು, ಅಷ್ಟೆ. ಕಾರಿನಲ್ಲಿ ಚಾಲಕನಿಗೆ 60 ತೋರಿಸುವ ಮುಳ್ಳು ಪಕ್ಕದ ಸೀಟಿನವರಿಗೆ ಬೇರೆಯೇ ಅಂಕಿ ತೋರಿಸುತ್ತದೆ, ಏಕೆಂದರೆ ಮುಳ್ಳಿಗೂ ಅಂಕಿಗೂ ನಡುವೆ ಒಂದಿಷ್ಟು ಜಾಗವಿದೆ. ಕಿಟಕಿಯ ಸರಳನ್ನು ಆಚೆಯ ಮರದ ಕಾಂಡಕ್ಕೆ ಸರಿಹೊಂದಿಸಿ ನಿಂತು, ತಲೆಯನ್ನು ಅರ್ಧ ಗೇಣು ಸರಿಸಿ. ಸರಳು ಮರ ಬಿಟ್ಟು ಓಡುತ್ತದೆ. ಇನ್ನೂ ಚೆನ್ನಾದ ಉದಾಹರಣೆ ಸಿನಿಮಾ ಮಂದಿರದ್ದು. ಮುಂದಿನ ಸಾಲಿನವರ ತಲೆ ನಾಯಕನ ಮುಖಕ್ಕೆ ಅಡ್ಡ ಬಂದರೆ ನೀವು ಪಕ್ಕಕ್ಕೆ ವಾಲುತ್ತೀರಿ, ಮುಖ ಕಾಣುತ್ತದೆ. ಪರದೆಯ ಮೇಲೆಯೇ ಹಲ್ಲಿ ಕೂತು ಅದೇ ಮುಖ ಮುಚ್ಚಿದ್ದರೆ? ಎಷ್ಟು ವಾಲಿದರೂ ಹಲ್ಲಿ ಅಲ್ಲೇ. ಸ್ಕೋಪಿನೊಳಗಿನ ಕತ್ತರಿಗೆರೆ, ಅಂದರೆ ರೆಟಿಕಲ್, ಈ ಹಲ್ಲಿಯಾಗಬೇಕು. ಮುಂದಿನ ಸಾಲಿನವರ ತಲೆಯಾಗಬಾರದು.

ಸ್ಕೋಪಿನಲ್ಲಿ ಪರದೆ ಎಂದರೆ ಮುಂದಿನ ಮಸೂರ ಕೊಳವೆಯೊಳಗೆ ಮೂಡಿಸುವ ಗುರಿಯ ಬಿಂಬ. ಆ ಬಿಂಬ ರೆಟಿಕಲ್ ಇರುವ ತಲದಲ್ಲೇ ಮೂಡಿದರೆ ಕಣ್ಣು ಎಲ್ಲಿದ್ದರೂ ಗೆರೆ ಗುರಿಗೆ ಅಂಟಿಕೊಂಡಿರುತ್ತದೆ. ಕೂದಲೆಳೆಯಷ್ಟು ಮುಂದೆ ಹಿಂದೆ ಮೂಡಿದರೂ ಗೆರೆ ಗುರಿಯ ಮೇಲೆ ಈಜತೊಡಗುತ್ತದೆ.

ಎಷ್ಟು ಈಜುತ್ತದೆ ಎಂಬುದನ್ನು ಅಂದಾಜಿಗೆ ಬಿಡಬೇಕಿಲ್ಲ. ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ (ಬಿಂಬ ಸರಿಯಾಗಿ ರೆಟಿಕಲ್ ತಲದಲ್ಲೇ ಮೂಡುವ ದೂರ) ಇರುವ ವ್ಯತ್ಯಾಸವನ್ನು ಹೊಂದಿಸಿದ ದೂರದಿಂದ ಭಾಗಿಸಿ, ಬಂದದ್ದನ್ನು ಮುಂದಿನ ಮಸೂರದ ಅರ್ಧ ವ್ಯಾಸಕ್ಕೆ ಗುಣಿಸಿ. ಅದೇ ಗರಿಷ್ಠ ತಪ್ಪು. ಮಸೂರ 40 ಮಿ.ಮೀ., ಸ್ಕೋಪ್ ಕಾರ್ಖಾನೆಯಲ್ಲೇ 100 ಮೀಟರಿಗೆ ಹೊಂದಿಸಿದ್ದು, ಗುರಿ 10 ಮೀಟರಿನಲ್ಲಿ ಎಂದಾದರೆ 20 ಗುಣಿಸು 90 ಭಾಗಿಸು 100, ಅಂದರೆ 18 ಮಿ.ಮೀ. ಪೆಲೆಟ್ ಎಂಬ ಗಾಳಿಬಂದೂಕಿನ ಗುಂಡಿನ ವ್ಯಾಸವೇ ಸಾಮಾನ್ಯವಾಗಿ 4.5 ಮಿ.ಮೀ.; ಅದರ ನಾಲ್ಕು ಪಟ್ಟು ತಪ್ಪು ಕೆನ್ನೆ ಇಟ್ಟ ಜಾಗದಿಂದಲೇ ಬರಬಹುದು! ಏರ್ ರೈಫಲ್‌ಗೆಂದು 30 ಮೀಟರಿಗೆ ಖಾಯಂ ಹೊಂದಿಸಿದ ಅಗ್ಗದ ಸ್ಕೋಪಿನಲ್ಲೂ 10 ಮೀಟರಿಗೆ 13 ಮಿ.ಮೀ., 50 ಮೀಟರಿಗೂ 13 ಮಿ.ಮೀ. ತಪ್ಪಿಗೆ ಅವಕಾಶವಿದೆ. ಈ ಸೂತ್ರದಲ್ಲಿ ವರ್ಧನೆ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. 4 ಎಕ್ಸ್ ಇರಲಿ, 40 ಎಕ್ಸ್ ಇರಲಿ, ಗರಿಷ್ಠ ತಪ್ಪು ಅಷ್ಟೇ.

ಇಲ್ಲಿ ಚೂರು ಇತಿಹಾಸಕ್ಕೆ ಇಣುಕದೆ ಮುಂದೆ ಹೋಗಲು ಮನಸ್ಸು ಬಾರದು. ಎರಡು ಉಬ್ಬು ಮಸೂರಗಳ ದೂರದರ್ಶಕವನ್ನು ಕೆಪ್ಲರ್ 1611ರಲ್ಲಿ ವಿವರಿಸಿದ. ಅದರಲ್ಲಿ ಬಿಂಬ ಕೊಳವೆಯ ಒಳಗೇ ಮೂಡುತ್ತದೆ. ಸುಮಾರು 1640ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್‌ನ ದೂರದರ್ಶಕದೊಳಗೆ ಒಂದು ಜೇಡ ಎಳೆ ನೇಯ್ದಿತ್ತು. ಆಕಾಶ ನೋಡುವಾಗ ಆ ಎಳೆಯೂ ಸ್ಪಷ್ಟವಾಗಿ ಕಂಡಿತು. ಬೇರೆಯವರಾಗಿದ್ದರೆ ಒರೆಸಿ ಹಾಕುತ್ತಿದ್ದರು. ಎಳೆ ಬಿಂಬದ ತಲದಲ್ಲೇ ಕೂತಿದೆ, ಅದಕ್ಕೇ ನಕ್ಷತ್ರದಷ್ಟೇ ಚೂಪಾಗಿ ಕಾಣುತ್ತಿದೆ ಎಂದು ಆತನಿಗೆ ಹೊಳೆಯಿತು. ಕತ್ತರಿಗೆರೆ ಹುಟ್ಟಿದ್ದು ಹೀಗೆ. 1644ರಲ್ಲಿ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಆತ ಸತ್ತ. ಮುಂದೆ 1838ರಲ್ಲಿ ಬೆಸೆಲ್ ಇದೇ ಲಂಬನವನ್ನು ಅಳತೆಗೋಲಾಗಿಸಿ 61 ಸಿಗ್ನಿ ಎಂಬ ನಕ್ಷತ್ರದ ದೂರ ಕಂಡುಹಿಡಿದ. ಆತನಿಗೆ ವರವಾದದ್ದು ಗುರಿಕಾರನಿಗೆ ಶಾಪ. ಆದರೆ ಆ ಶಾಪದಿಂದಲೂ ದೂರ ಅಳೆಯಬಹುದು, ಹೇಗೆಂದು ನೋಡೋಣ.

ಮುಂದಿನ ಮಸೂರದ ಸಂಗಮ ದೂರ 150 ಮಿ.ಮೀ. ಎಂದಿಟ್ಟುಕೊಳ್ಳಿ. ಅನಂತ ದೂರದ ಗುರಿಯ ಬಿಂಬ ಮಸೂರದಿಂದ ಸರಿಯಾಗಿ 150 ಮಿ.ಮೀ. ಹಿಂದೆ. ಗುರಿ 100 ಮೀಟರಿಗೆ ಬಂದರೆ ಬಿಂಬ 0.23 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. 50 ಮೀಟರಿಗೆ 0.45. 25 ಮೀಟರಿಗೆ 0.91. 10 ಮೀಟರಿಗೆ ಒಮ್ಮೆಲೇ 2.28! ಅನಂತದಿಂದ 50 ಮೀಟರಿನವರೆಗಿನ ಇಡೀ ಜಗತ್ತು ಅರ್ಧ ಮಿಲಿಮೀಟರಿನೊಳಗೆ ಮುಗಿದುಹೋಯಿತು; 25ರಿಂದ 10 ಮೀಟರ್ ಎಂಬ ಹದಿನೈದೇ ಮೀಟರಿಗೆ ಅದರ ಮೂರು ಪಟ್ಟು ಜಾಗ ಬೇಕಾಯಿತು. ನೂರು ಮೀಟರ್ ಆಚೆಗಷ್ಟೇ ಹೊಡೆಯುವವರ ಸ್ಕೋಪಿಗೆ ಈ ಓಡಾಟ ಬೇಕಿಲ್ಲ, ಆದ್ದರಿಂದ ತಯಾರಕರು ಕೊಡುವುದಿಲ್ಲ. ಏರ್ ರೈಫಲ್‌ಗೆ ಅದೇ ಜೀವ. ಹಾಗಾಗಿ ಆಯ್ಕೆಯ ಮೊದಲ ಜರಡಿ ಇದು: ಬಿಂಬವನ್ನು ರೆಟಿಕಲ್ ತಲಕ್ಕೆ ತಂದು ಪ್ಯಾರಲಾಕ್ಸ್ ತಿದ್ದುವ ಚಕ್ರ ಎಷ್ಟು ಹತ್ತಿರಕ್ಕೆ ಇಳಿಯುತ್ತದೆ? 10 ಮೀಟರ್ ಅಥವಾ ಅದಕ್ಕೂ ಕಡಿಮೆ ಇರಲಿ. 25 ಅಥವಾ 50 ಮೀಟರಿಗೇ ನಿಲ್ಲುವ ಸ್ಕೋಪಿನ ಗಾಜು ಎಷ್ಟೇ ಸೊಗಸಾಗಿದ್ದರೂ ಕೆಳಗಿಡಿ.

ಚಕ್ರದ ಮೇಲೆ ಹತ್ತಿರದ ಅಂಕಿಗಳು ದೂರದೂರ, ದೂರದ ಅಂಕಿಗಳು ಒತ್ತೊತ್ತಾಗಿ ಕೂತಿರುವುದೂ ಈ ಲೆಕ್ಕದಿಂದಲೇ. ಫೀಲ್ಡ್ ಟಾರ್ಗೆಟ್ ಎಂಬ ಏರ್ ರೈಫಲ್ ಪಂದ್ಯಗಳಲ್ಲಿ ಗುರಿಗಳು ಸುಮಾರು 7ರಿಂದ 50 ಮೀಟರಿನೊಳಗೆ ಎಲ್ಲೋ ಇರುತ್ತವೆ, ದೂರ ಯಾರೂ ಹೇಳುವುದಿಲ್ಲ. ಅಲ್ಲಿ ಸ್ಪರ್ಧಿಗಳು ಪಕ್ಕದ ಗುಂಡಿಗೆ ತಟ್ಟೆಯಷ್ಟು ದೊಡ್ಡ ಚಕ್ರ ಸಿಕ್ಕಿಸಿ, ಗುರಿ ಚೂಪಾಗುವವರೆಗೆ ತಿರುಗಿಸಿ, ಚಕ್ರದ ಅಂಚಿನಲ್ಲಿ ದೂರ ಓದುತ್ತಾರೆ. ಚಕ್ರ ದೊಡ್ಡದಾದಷ್ಟೂ 45ಕ್ಕೂ 50ಕ್ಕೂ ನಡುವಿನ ಕಿರಿದಾದ ಜಾಗ ಹಿಗ್ಗುತ್ತದೆ. ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 50 ಮೀಟರಿನ ಹೊತ್ತಿಗೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಮೀಟರಿಗೆ 4 ಮಿ.ಮೀ.ಗೂ ಹೆಚ್ಚು ಇಳಿಯುತ್ತಿರುತ್ತದೆ. ದೂರದ ಅಂದಾಜು 5 ಮೀಟರ್ ತಪ್ಪಿದರೆ ಏಟು 2 ಸೆಂಟಿಮೀಟರಿಗೂ ಹೆಚ್ಚು ತಪ್ಪಿತು.

ಹೆಚ್ಚಿನ ವರ್ಧನೆಯ ನಿಜವಾದ ಉಪಯೋಗ ಇಲ್ಲಿದೆ. ವರ್ಧನೆ ಏರಿದಂತೆ ಸ್ಪಷ್ಟವಾಗಿ ಕಾಣುವ ದೂರದ ಪಟ್ಟಿ ತೆಳ್ಳಗಾಗುತ್ತದೆ, ಆದ್ದರಿಂದ ‘ಈಗ ಚೂಪಾಯಿತು’ ಎಂಬ ಕ್ಷಣ ಖಚಿತವಾಗಿ ಸಿಗುತ್ತದೆ. ಹೊಸ ವಿವರ ಕಾಣುತ್ತದೆಂದು 50 ಎಕ್ಸ್ ಕೊಳ್ಳುವವರಿಗೆ ಮಾತ್ರ ನಿರಾಸೆ ಕಾದಿದೆ. 50 ಮಿ.ಮೀ. ಮಸೂರ ಬೆಳಕಿನ ಅಲೆಗುಣದ ದೆಸೆಯಿಂದ ಸುಮಾರು 2.3 ಕೋನಸೆಕೆಂಡಿಗಿಂತ (ಡಿಗ್ರಿಯ 3600ನೇ ಒಂದು ಭಾಗವೇ ಒಂದು ಕೋನಸೆಕೆಂಡು) ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾರದು. ಬರಿಗಣ್ಣಿನ ಮಿತಿ ಸುಮಾರು 60 ಕೋನಸೆಕೆಂಡು. ಭಾಗಿಸಿದರೆ 26. ಅದಕ್ಕಿಂತ ಮೇಲೆ ಅದೇ ಚಿತ್ರವನ್ನು ಹಿಗ್ಗಿಸಿದ ಹಾಗೆ, ಜೊತೆಗೆ ಬಿಸಿಗಾಳಿಯ ನಡುಕ, ನಿಮ್ಮದೇ ನಾಡಿಬಡಿತ ಉಚಿತ. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 50 ಮಿ.ಮೀ., 10 ಎಕ್ಸ್ ಆದರೆ 5 ಮಿ.ಮೀ.; 25 ಎಕ್ಸ್ ಆದರೆ 2 ಮಿ.ಮೀ. ಮಬ್ಬು ಬೆಳಕಿನಲ್ಲಿ ಅರಳಿದ ಕಣ್ಣಿನ ಪಾಪೆಗೆ 2 ಸಾಲದು. ಅಂದಹಾಗೆ, ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ., ಅಲ್ಲಿ ವರ್ಧನೆಯೇ ಇಲ್ಲ; ಕಿರುರಂಧ್ರದ ಸೈಟ್ ಅಷ್ಟೆ.

ದುಬಾರಿ ಗಾಜಿನಿಂದ ಲಾಭವಿಲ್ಲವೆಂದಲ್ಲ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು 4% ಬೆಳಕನ್ನು ವಾಪಸು ಕಳಿಸುತ್ತದೆ. ಹದಿನಾರು ಮೈ ದಾಟುವಷ್ಟರಲ್ಲಿ ಅರ್ಧವಷ್ಟೇ ಉಳಿಯುತ್ತದೆ. ಪ್ರತಿಫಲನವನ್ನು 0.5%ಕ್ಕೆ ಇಳಿಸಿದರೆ 92% ದಾಟುತ್ತದೆ. ಈ ಲೇಪದ ವಿದ್ಯೆಯನ್ನು 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಸಾಧಿಸಿದ. ಬಣ್ಣಗಳನ್ನು ತೀರಾ ಕಡಿಮೆ ಚದುರಿಸುವ ‘ಇ.ಡಿ.’ (ED) ಗಾಜಿದ್ದರೆ ಕಪ್ಪು ಗುರಿಯ ಅಂಚಿನಲ್ಲಿ ನೇರಳೆ ಬಣ್ಣ ಕಾಣುವುದು ತಗ್ಗುತ್ತದೆ, ಚಕ್ರ ತಿರುಗಿಸುವಾಗ ಚೂಪಾದ ಕ್ಷಣ ಗುರುತಿಸಲು ಅದು ನೇರ ಸಹಾಯ. ಕೊಳವೆ 34 ಮಿ.ಮೀ. ಇದ್ದರೆ ಬೆಳಕು ಹೆಚ್ಚು ಎನ್ನುವುದು ಮಾತ್ರ ಬರೀ ಅಂತೆಕಂತೆ. ದಪ್ಪ ಕೊಳವೆಯಿಂದ ಸಿಗುವುದು ಮೇಲೆ ಕೆಳಗೆ ತಿದ್ದಲು ಹೆಚ್ಚು ಅವಕಾಶ.

ರೆಟಿಕಲ್ ಆರಿಸುವ ಮುಂಚೆ ಪೆಲೆಟ್ ಹಾದಿಯನ್ನು ನೋಡಿ. ಸ್ಕೋಪ್ ನಳಿಕೆಗಿಂತ 50 ಮಿ.ಮೀ. ಮೇಲಿದೆ, ಜೀರೋ ಮಾಡಿದ್ದು, ಅಂದರೆ ಏಟು ರೆಟಿಕಲ್ ನಡುವಿಗೇ ಬೀಳುವಂತೆ ಹೊಂದಿಸಿದ್ದು, 30 ಮೀಟರಿಗೆ. ಅದೇ 240 ಮೀಟರ್ ವೇಗಕ್ಕೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 20 ಮೀಟರಿನಲ್ಲೂ ಪೆಲೆಟ್ ನಡುವಿಗೇ ಬೀಳುತ್ತದೆ, 10 ಮೀಟರಿನಲ್ಲಿ 16 ಮಿ.ಮೀ. ಕೆಳಗೆ, 50 ಮೀಟರಿನಲ್ಲಿ 52 ಮಿ.ಮೀ. ಕೆಳಗೆ. ಮಿಲ್ ಗುರುತುಗಳಲ್ಲಿ (ಒಂದು ಮಿಲ್ ಎಂದರೆ ದೂರದ ಸಾವಿರದ ಒಂದು ಭಾಗ) ಹೇಳುವುದಾದರೆ 10 ಮೀಟರಿಗೆ 1.6, 50 ಮೀಟರಿಗೆ 1.04. ಗಾಳಿಯ ತಡೆ ಸೇರಿಸಿದರೆ ದೂರದ ಇಳಿತ ಹೆಚ್ಚುತ್ತದೆ, ಆದರೂ ಮೂಗಿನೆದುರಿನ ಗುರಿಗೆ ಬೇಕಾದ ತಿದ್ದುಪಡಿ 50 ಮೀಟರಿನದಕ್ಕೆ ಹತ್ತಿರ ಹತ್ತಿರವೇ ಇರುತ್ತದೆ. ಅರ್ಧ ಅಥವಾ 0.2 ಮಿಲ್‌ಗೊಂದು ಸಣ್ಣ ಗೆರೆಯಿರುವ ರೆಟಿಕಲ್ ಬೇಕೆನ್ನುವುದು ಇದಕ್ಕೆ. ವರ್ಧನೆ ಬದಲಿಸುವ ಮಸೂರಗಳಿಗಿಂತ ಮುಂದೆ ಕೂತ, ಅಂದರೆ ಮೊದಲ ತಲದ, ರೆಟಿಕಲ್ ವರ್ಧನೆಯೊಂದಿಗೆ ತಾನೂ ಹಿಗ್ಗಿ ಕುಗ್ಗುವುದರಿಂದ ಗುರುತುಗಳ ಬೆಲೆ ಬದಲಾಗದು. ಆ ಮಸೂರಗಳ ಹಿಂದೆ ಕೂತ ಎರಡನೇ ತಲದ್ದರಲ್ಲಿ ಒಂದೇ ವರ್ಧನೆಯಲ್ಲಿ ಅಂಕಿ ಸರಿ. ಸದಾ ಒಂದೇ ವರ್ಧನೆಯಲ್ಲಿ ಹೊಡೆಯುವವರು ಎರಡನೆಯದಕ್ಕೆ ಹೆದರಬೇಕಿಲ್ಲ.

ಒದೆತದ ವಿಷಯ. 1780ರ ಸುಮಾರಿಗೆ ಆಸ್ಟ್ರಿಯಾದ ಸೇನೆಗೆ ಬಂದ ಜಿರಾಂಡೋನಿ ರೈಫಲ್‌ನಂತೆ, ಇಂದಿನ ಪಿಸಿಪಿ ಬಂದೂಕುಗಳೂ ಮೊದಲೇ ಗಾಳಿ ತುಂಬಿಟ್ಟುಕೊಂಡಿರುತ್ತವೆ. ಅವುಗಳ ಒದೆತ ಗಣನೆಗೇ ಬಾರದು. ಸ್ಪ್ರಿಂಗ್ ಬಂದೂಕಿನ ಕಥೆಯೇ ಬೇರೆ. ಪಿಸ್ಟನ್ ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಮರುಕ್ಷಣ ಪಿಸ್ಟನ್ ಅಡಕಗೊಂಡ ಗಾಳಿಗೆ ಗುದ್ದಿ ನಿಂತಾಗ ಇಡೀ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆತಕ್ಕಷ್ಟೇ ಮಸೂರಗಳನ್ನು ಬಿಗಿದ ಸ್ಕೋಪಿಗೆ ಈ ಮುಂದಿನ ಜಗ್ಗಾಟ ಹೊಸದು: ಒಳಗಿನ ಮಸೂರ ಸಡಿಲವಾಗುತ್ತದೆ, ಜೀರೋ ಅಲೆಯುತ್ತದೆ, ಸ್ಕೋಪೇ ರಿಂಗಿನೊಳಗೆ ತೆವಳುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದೆಂದು ತಯಾರಕರೇ ಬರೆದುಕೊಟ್ಟ ಸ್ಕೋಪನ್ನೇ ಆರಿಸಿ, ತಡೆಮೊಳೆಯಿರುವ ಒಂದೇ ತುಂಡಿನ ಮೌಂಟ್ (ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ಜೋಡಣೆ) ಹಾಕಿ. ರಿಂಗಿನ ಒಳಮೈಯ ಎಣ್ಣೆಪಸೆ ಒರೆಸಿ, ತಿರುಪುಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸು, ಮೌಂಟ್‌ನವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ರಟ್ಟೆಬಲ ತೋರಿಸಿದರೆ ಕೊಳವೆ ನಲುಗಿ ಒಳಗಿನ ಚಲನೆ ಸಿಕ್ಕಿಹಾಕಿಕೊಳ್ಳುತ್ತದೆ. ಬಂದೂಕು 3 ಡಿಗ್ರಿ ಓರೆಯಾದರೆ 50 ಮೀಟರಿನಲ್ಲಿ ಏಟು ಸೆಂಟಿಮೀಟರಿನಷ್ಟು ಪಕ್ಕಕ್ಕೆ. ಸಣ್ಣ ನೀರ್ಮಟ್ಟ ಒಂದಿರಲಿ.

ಸ್ಕೋಪ್ ಕೈಗೆ ಬಂದ ಮೇಲೆ ಮೊದಲ ಕೆಲಸ ಕಣ್ಣಿನ ಬದಿಯ ಮಸೂರವನ್ನು ಹೊಂದಿಸುವುದು, ಬಹಳಷ್ಟು ಜನ ಇದನ್ನೇ ಬಿಟ್ಟುಬಿಡುತ್ತಾರೆ. ಖಾಲಿ ಆಕಾಶದತ್ತ ಹಿಡಿದು (ಸೂರ್ಯನತ್ತ ಅಲ್ಲವೇ ಅಲ್ಲ) ಒಂದೆರಡು ಸೆಕೆಂಡು ನೋಡಿ, ಕಣ್ಣು ತೆಗೆದು, ಮತ್ತೆ ನೋಡಿ. ನೋಡಿದ ಕ್ಷಣವೇ ಗೆರೆ ಕಡುಕಪ್ಪಾಗಿ ಕಾಣುವವರೆಗೆ ತಿರುಗಿಸಿ. ದಿಟ್ಟಿಸುತ್ತಾ ಕೂತರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಇದು ತಪ್ಪಿದರೆ ಗುರಿ ಚೂಪಾಗಿ ಕಂಡಾಗ ಪ್ಯಾರಲಾಕ್ಸ್ ಹೋಗಿರುವುದಿಲ್ಲ, ಪ್ಯಾರಲಾಕ್ಸ್ ಹೋದಾಗ ಗುರಿ ಚೂಪಾಗಿರುವುದಿಲ್ಲ. ಜನ ಸ್ಕೋಪನ್ನು ಬೈಯುತ್ತಾರೆ. ಆಮೇಲೆ ಬಂದೂಕನ್ನು ಮರಳುಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ ನೋಡಿ. ಗೆರೆ ಹಲ್ಲಿಯಂತೆ ಕೂತಿದ್ದರೆ ಸರಿ.

ಚಕ್ರದ ಮೇಲೆ ಕಾರ್ಖಾನೆ ಕೆತ್ತಿದ ಅಂಕಿಗಳನ್ನು ನಂಬಬೇಡಿ. ಟೇಪು ಹಿಡಿದು 10, 15, 20 ಎಂದು 50ರವರೆಗೆ ಗುರಿಗಳನ್ನಿಟ್ಟು, ಅಂಚಿಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ನೀವೇ ಗುರುತು ಹಾಕಿ. 30ರ ಆಚೆ ಎರಡೆರಡು ಮೀಟರಿಗೊಂದು. ಪ್ರತಿ ಸಲವೂ ಅನಂತದ ಕಡೆಯಿಂದಲೇ ತಿರುಗಿಸುತ್ತಾ ಬನ್ನಿ, ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲ ಒಂದೇ ಗುರಿಗೆ ಎರಡು ಅಂಕಿ ಹೇಳಿಸುತ್ತದೆ. ಒಂದು ಪಟ್ಟಿ ಬೆಳಗಿನ ತಂಪಿನಲ್ಲಿ, ಇನ್ನೊಂದು ನಡುಮಧ್ಯಾಹ್ನ ಮಾಡಿ ಹೋಲಿಸಿ. ಕಾದ ಕೊಳವೆ, ಕಾದ ಗಾಜು ಬಿಂಬವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿಸಿದರೂ ಸಾಕು, ದೂರದ ಒತ್ತೊತ್ತು ಅಂಕಿಗಳಲ್ಲಿ ಅದು ಹಲವು ಮೀಟರಾಗುತ್ತದೆ. ಒಂದೇ ಬೆಲೆಯ ಎರಡು ಸ್ಕೋಪುಗಳ ನಡುವೆ ಕೈ ಅನುಮಾನಿಸುತ್ತಿದ್ದರೆ, ಈ ಎರಡು ಪಟ್ಟಿಗಳು ಯಾವುದರಲ್ಲಿ ಹೆಚ್ಚು ಹೊಂದುತ್ತವೋ ಅದನ್ನು ತೆಗೆದುಕೊಳ್ಳಿ.