ಕೆಸರಿನಲ್ಲಿ ಉಳಿದ ಭೂಕಂಪ: ಕ್ಯಾಸ್ಕೇಡಿಯಾ ಕರಾವಳಿಯ ಅಧ್ಯಯನ ಟಿಪ್ಪಣಿ

ಪ್ರಾಚೀನ ಭೂಕಂಪಗಳ ಪಾಠದಲ್ಲಿ ಒಂದು ಪ್ರಶ್ನೆ ನನ್ನನ್ನು ಮೂರು ದಿನ ಕಾಡಿತು. ಸುನಾಮಿ ಏಳಬೇಕಾದರೆ ಸಮುದ್ರತಳ ಮೇಲೆದ್ದಿರಬೇಕು. ಹಾಗಿದ್ದರೆ ಅದೇ ಭೂಕಂಪದಲ್ಲಿ ದಡದ ಕಾಡು ಕೆಳಗೆ ಕುಸಿದದ್ದು ಹೇಗೆ? ನಿನ್ನೆ ರಾತ್ರಿ ಇದು ಬಗೆಹರಿಯಿತು. ತಿಳಿದದ್ದು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ಪಾಠ ಓದುತ್ತಿರುವವರಿಗೂ ನೆರವಾಗಲಿ.

ಜಾಗ ಉತ್ತರ ಅಮೆರಿಕದ ಪಶ್ಚಿಮ ಕರಾವಳಿ. ಕೆನಡಾದ ವ್ಯಾಂಕೂವರ್ ದ್ವೀಪದಿಂದ ಕ್ಯಾಲಿಫೋರ್ನಿಯಾದ ಉತ್ತರ ಭಾಗದವರೆಗೆ ಸುಮಾರು 1,000 ಕಿ.ಮೀ. ಉದ್ದಕ್ಕೂ ಹುವಾನ್ ಡಿ ಫೂಕಾ ಎಂಬ ಸಣ್ಣ ಸಾಗರ ಫಲಕ (ಭೂಮಿಯ ಹೊರಚಿಪ್ಪಿನ ಚಲಿಸುವ ತುಂಡು) ಉತ್ತರ ಅಮೆರಿಕ ಫಲಕದ ಅಡಿಗೆ ನುಗ್ಗುತ್ತಿದೆ. ಈ ವಲಯದ ಹೆಸರು ಕ್ಯಾಸ್ಕೇಡಿಯಾ. ಇಲ್ಲಿನ ಲಿಖಿತ ಇತಿಹಾಸದಲ್ಲಿ ಫಲಕಗಳ ನಡುವಿನ ಮಹಾಭೂಕಂಪ ಒಂದೂ ದಾಖಲಾಗಿರಲಿಲ್ಲ. ಫಲಕಗಳು ಸದ್ದಿಲ್ಲದೆ ಜಾರುತ್ತಿರಬಹುದು ಎಂದು ನಂಬಿದವರೂ ಇದ್ದರು. 1986ರಲ್ಲಿ ಭೂವಿಜ್ಞಾನಿ ಬ್ರಯಾನ್ ಅಟ್‌ವಾಟರ್ ವಾಷಿಂಗ್ಟನ್ ರಾಜ್ಯದ ನೀಯಾ ಬೇ ಬಳಿಯ ಜೌಗಿನಲ್ಲಿ ಅಗೆದಾಗ ಹೂತುಹೋದ ಹಳೆಯ ನೆಲ ಸಿಕ್ಕಿತು. ಮರುವರ್ಷ ಪ್ರಕಟವಾದ ಅವರ ಲೇಖನ ಆ ನಂಬಿಕೆಯನ್ನು ಅಲುಗಾಡಿಸಿತು.

ದಡದ ಸೀಳನ್ನು ಓದುವುದು

ನೀರಿಳಿತದ ಹೊತ್ತಿನಲ್ಲಿ ಅಳಿವೆಯ ದಡ ಸೀಳಿದಂತೆ ಕಾಣುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಪ್ಪು ಮಣ್ಣು. ಒಂದು ಕಾಲದಲ್ಲಿ ಹುಲ್ಲು, ಮರ ಬೆಳೆದಿದ್ದ ನೆಲ. ಅದರ ಮೇಲೆ ತೆಳುವಾದ ಮರಳಿನ ಹಾಸು. ಅದರ ಮೇಲೆ ಉಬ್ಬರವಿಳಿತದ ಬೂದು ಕೆಸರು. ಒಣ ನೆಲ, ಅಲೆ ತಂದ ಮರಳು, ಮುಳುಗಿದ ನೆಲದ ಕೆಸರು: ಮೂರು ಪದರಗಳಲ್ಲಿ ಇಡೀ ಘಟನೆ ಇದೆ.

ತಳ ಎದ್ದರೆ ದಡ ಏಕೆ ಕುಸಿಯುತ್ತದೆ?

ನಾನು ಎಡವಿದ್ದು ಇಲ್ಲಿ. ಮೇಲಿನ ಫಲಕವನ್ನು ಗಟ್ಟಿ ಹಲಗೆಯಂತೆ ಕಲ್ಪಿಸಿಕೊಂಡಿದ್ದೆ. ಎದ್ದರೆ ಇಡೀ ಹಲಗೆ ಏಳಬೇಕು, ಕುಸಿದರೆ ಇಡೀ ಹಲಗೆ ಕುಸಿಯಬೇಕು ಎಂದುಕೊಂಡಿದ್ದೆ. ಫಲಕ ಬಾಗುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಗಂಟು ಬಿಡಿಸಿಕೊಳ್ಳುತ್ತದೆ.

ತುಸು ಬಿಗಿಯಾದ ಚಾಪೆಯೊಂದನ್ನು ನೆಲದ ಮೇಲೆ ಹಾಸಿ, ಅದರ ಒಂದು ಅಂಚನ್ನು ಗೋಡೆಗೆ ಆನಿಸಿ. ನಮ್ಮ ಕಡೆಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದು ನಿಧಾನವಾಗಿ ಗೋಡೆಯತ್ತ ನೂಕಿ. ಅಂಗೈ ಇರುವ ಅಂಚು ಒತ್ತಿಕೊಂಡೇ ಇರುತ್ತದೆ. ಅದರ ಹಿಂದೆ ಚಾಪೆ ಮೆಲ್ಲಗೆ ಉಬ್ಬುತ್ತದೆ. ಈಗ ಕೈ ತೆಗೆಯಿರಿ. ಅಂಚು ನಮ್ಮತ್ತ ಚಿಮ್ಮುತ್ತದೆ, ಉಬ್ಬು ಇಳಿಯುತ್ತದೆ. ಎರಡೂ ಒಂದೇ ಕ್ಷಣದಲ್ಲಿ, ಒಂದೇ ಕಾರಣದಿಂದ ನಡೆಯುತ್ತವೆ.

ಅಂಗೈ ಎಂದರೆ ಕೆಳಗೆ ನುಗ್ಗುವ ಸಾಗರ ಫಲಕ. ಚಾಪೆ ಎಂದರೆ ಮೇಲಿನ ಫಲಕ. ಎರಡೂ ಕಚ್ಚಿಕೊಂಡಿರುವಷ್ಟು ಕಾಲ ಮೇಲಿನ ಫಲಕದ ಸಮುದ್ರದೊಳಗಿನ ಅಂಚು ಕೆಳಕ್ಕೂ ಭೂಮಿಯತ್ತಲೂ ಎಳೆಯಲ್ಪಡುತ್ತದೆ, ಒಳಭಾಗ ಉಬ್ಬುತ್ತದೆ. ಕ್ಯಾಸ್ಕೇಡಿಯಾದ ಕರಾವಳಿಯ ಬಹುಭಾಗ ಇರುವುದು ಈ ಉಬ್ಬಿನ ಮೇಲೆ. ಕಚ್ಚು ಬಿಟ್ಟಾಗ ಅಂಚು ಮುಂದಕ್ಕೂ ಮೇಲಕ್ಕೂ ಚಿಮ್ಮಿ ತನ್ನ ಮೇಲಿನ ನೀರನ್ನು ಎತ್ತುತ್ತದೆ. ಅದೇ ಸುನಾಮಿ. ಅದೇ ಹೊತ್ತಿಗೆ ಉಬ್ಬು ಇಳಿದು ದಡದ ಕಾಡು ಉಬ್ಬರದ ಮಟ್ಟಕ್ಕೆ ಕುಸಿಯುತ್ತದೆ. ಈ ಕುಸಿತ ಹಲವೆಡೆ ಒಂದು ಮೀಟರಿಗಿಂತ ಹೆಚ್ಚು.

ವೇಗದ ವ್ಯತ್ಯಾಸವೂ ಮುಖ್ಯ. ಉಬ್ಬುವುದು ವರ್ಷಕ್ಕೆ ಕೆಲವೇ ಮಿಲಿಮೀಟರುಗಳಂತೆ, ಶತಮಾನಗಳ ಕಾಲ. ಕುಸಿಯುವುದು ಕೆಲವೇ ನಿಮಿಷಗಳಲ್ಲಿ. ಆದ್ದರಿಂದಲೇ ಕಪ್ಪು ಮಣ್ಣಿನ ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ಇರುತ್ತದೆ. ಸಮುದ್ರಮಟ್ಟ ಮೆಲ್ಲಗೆ ಏರಿದ್ದರೆ ಮಣ್ಣು ಕ್ರಮೇಣ ಕೆಸರಾಗುತ್ತಾ ಹೋಗಿ, ಗಡಿ ಗುರುತಿಸಲಾಗದಂತೆ ಮಸುಕಾಗಿರುತ್ತಿತ್ತು.

ದಡವೆಲ್ಲ ಯಾವಾಗಲೂ ಕುಸಿಯುತ್ತದೆ ಎಂದು ಬರೆದರೆ ತಪ್ಪಾಗುತ್ತದೆ. ದಡವು ಚಿಮ್ಮುವ ಅಂಚಿನ ಮೇಲಿದೆಯೋ ಇಳಿಯುವ ಉಬ್ಬಿನ ಮೇಲಿದೆಯೋ ಎಂಬುದನ್ನು ನೋಡಬೇಕು. ನಮಗೆ ಹತ್ತಿರದ ಉದಾಹರಣೆ 2004ರ ಡಿಸೆಂಬರ್ 26. ಅಂದು ಉತ್ತರ ಅಂಡಮಾನಿನ ಪಶ್ಚಿಮ ತೀರ ಮೇಲೆದ್ದು ಹವಳದ ದಿಬ್ಬಗಳು ಗಾಳಿಗೆ ತೆರೆದುಕೊಂಡವು. ನಿಕೋಬಾರ್ ದ್ವೀಪಗಳ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭ ನೀರಿನಲ್ಲಿ ನಿಂತಿತು. ಒಂದೇ ಭೂಕಂಪ, ಎರಡು ಫಲ. ಇದನ್ನು ಓದಿದ ಮೇಲೆಯೇ ಚಾಪೆಯ ಹೋಲಿಕೆ ನನಗೆ ಪೂರ್ತಿ ದಕ್ಕಿತು.

ಬಿರುಗಾಳಿಯ ಅಲೆಯೂ ಮರಳು ತರುತ್ತದೆ. ಅದನ್ನು ಹೊರಗಿಡುವುದು ಹೇಗೆ? ಬಿರುಗಾಳಿ ನೆಲವನ್ನು ತಗ್ಗಿಸುವುದಿಲ್ಲ. ಅದು ಹೋದ ಮೇಲೆ ಅದೇ ಹುಲ್ಲು ಮತ್ತೆ ಚಿಗುರುತ್ತದೆ. ಇಲ್ಲಿ ಮರಳಿನ ಮೇಲೆ ಹುಲ್ಲಿನ ನೆಲ ಬಂದಿಲ್ಲ, ಉಬ್ಬರದ ಕೆಸರು ಬಂದಿದೆ. ಜೊತೆಗೆ ಕೆಲವೆಡೆ ಹಳೆಯ ಹುಲ್ಲಿನ ದಂಟುಗಳು ಬೇರು ಸಮೇತ ಮರಳಿನಲ್ಲಿ ಹೂತು ಉಳಿದಿವೆ. ಮಣ್ಣಿಗೂ ಮರಳಿಗೂ ನಡುವೆ ಕೆಸರಿಲ್ಲ. ಅಂದರೆ ನೆಲ ಕುಸಿದ ಮೇಲೆ ಕೆಸರು ಕೂರಲು ಕೂಡ ಬಿಡುವಿಲ್ಲದಂತೆ ಅಲೆ ಬಂದಿದೆ. ಇಡೀ ಪಾಠದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ಸಾಕ್ಷ್ಯ ಇದು.

ಯಾವ ವರ್ಷ, ಯಾವ ರಾತ್ರಿ

ವಾಷಿಂಗ್ಟನ್ ರಾಜ್ಯದ ಕೊಪಾಲಿಸ್ ನದಿಯ ಬದಿಯಲ್ಲಿ ಸತ್ತ ಕೆಂಪು ಸೀಡರ್ ಮರಗಳು ಇಂದಿಗೂ ನಿಂತಿವೆ. ಇದನ್ನು ಪ್ರೇತವನ ಎನ್ನುತ್ತಾರೆ. ಬೇರಿಗೆ ಉಪ್ಪುನೀರು ತಗುಲಿ ಸತ್ತ ಮರಗಳಿವು. ರೇಡಿಯೋಕಾರ್ಬನ್ ವಿಧಾನದಿಂದ ಮರಣದ ಕಾಲವನ್ನು 1700ರ ಆಸುಪಾಸಿನ ಕೆಲವು ದಶಕಗಳಿಗೆ ತರಬಹುದು, ವರ್ಷ ಹೇಳಲಾಗದು. ವಾರ್ಷಿಕ ಉಂಗುರಗಳನ್ನು ಎಣಿಸೋಣವೆಂದರೆ ನಿಂತ ಕಾಂಡಗಳ ಹೊರ ಉಂಗುರಗಳು ಗಾಳಿಮಳೆಗೆ ಸವೆದುಹೋಗಿವೆ. ಕೆಸರಿನಡಿಯ ಬೇರುಗಳಲ್ಲಿ ಮಾತ್ರ ತೊಗಟೆ ಉಳಿದಿತ್ತು. 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಬೇರುಗಳ ಕೊನೆಯ ಉಂಗುರ 1699ರದ್ದೆಂದು ತಿಳಿಯಿತು. ಮುಂದಿನ ಬೆಳವಣಿಗೆಯ ಕಾಲ ಬರುವಷ್ಟರಲ್ಲಿ ಮರಗಳು ಸತ್ತಿದ್ದವು.

ಅದಕ್ಕೂ ಮುಂಚೆ, 1996ರಲ್ಲಿ, ಭೂಕಂಪ ವಿಜ್ಞಾನಿ ಕೆಂಜಿ ಸಾಟಾಕೆ ಮತ್ತು ಸಂಗಡಿಗರು ಜಪಾನಿನ ಹಳೆಯ ದಾಖಲೆಗಳನ್ನು ಮುಂದಿಟ್ಟಿದ್ದರು. ಮಿಯಾಕೊ, ಓತ್ಸುಚಿ, ಮಿಹೊ, ತಾನಾಬೆ ಮುಂತಾದ ಕಡೆ ಭೂಕಂಪವೇ ಆಗದೆ ಅಲೆ ಬಂದಿತ್ತು, ತಾಯಿಯಿಲ್ಲದ ಸುನಾಮಿ. ದಾಖಲೆಯ ದಿನ ಗೆನ್‌ರೊಕು ಎಂಬ ಜಪಾನಿ ಶಕೆಯ 12ನೇ ವರ್ಷದ 12ನೇ ತಿಂಗಳು, 8ನೇ ದಿನ. ಇಲ್ಲೊಂದು ಎಚ್ಚರ: ಗೆನ್‌ರೊಕು 12 ಬಹುಪಾಲು 1699ಕ್ಕೆ ಹೊಂದುತ್ತದೆ, ಆದರೆ ಅದರ ಕೊನೆಯ ತಿಂಗಳು ಬೀಳುವುದು 1700ರ ಜನವರಿಯಲ್ಲಿ.

ಇನ್ನು ದಿನಾಂಕದ ಲೆಕ್ಕ. ಅಲೆ ಜಪಾನ್ ಮುಟ್ಟಿದ್ದು ಅಲ್ಲಿನ ಜನವರಿ 27ರ ನಡುರಾತ್ರಿಯ ಹೊತ್ತಿಗೆ. ಶಾಂತಸಾಗರ ದಾಟಲು ಸುಮಾರು 10 ಗಂಟೆ. ಹಿಂದಕ್ಕೆ ಹೋದರೆ ಜಪಾನಿನ 27ರ ಮಧ್ಯಾಹ್ನ 2. ಅಮೆರಿಕದ ಪಶ್ಚಿಮ ಕರಾವಳಿ ಇಂದಿನ ಗಡಿಯಾರದಲ್ಲಿ 17 ಗಂಟೆ ಹಿಂದೆ. ಅಲ್ಲಿ 26ರ ರಾತ್ರಿ 9. ಭೂಕಂಪದ ಪ್ರಮಾಣ ಸುಮಾರು 9. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯ ಮೂಲನಿವಾಸಿಗಳು ತಲೆಮಾರುಗಳಿಂದ ಹೇಳುತ್ತಾ ಬಂದ ಕಥೆಯಲ್ಲೂ ನೆಲ ನಡುಗಿ ಊರು ಕೊಚ್ಚಿಹೋದದ್ದು ರಾತ್ರಿಯಲ್ಲೇ.

ಆಳಸಮುದ್ರದ ಸಾಕ್ಷ್ಯ

ಭೂಕಂಪ ನಡುಗಿಸಿದಾಗ ಸಮುದ್ರದೊಳಗಿನ ಇಳಿಜಾರಿನ ಹೂಳು ಜಾರಿ ಕಣಿವೆಗಳಲ್ಲಿ ಪದರವಾಗಿ ಕೂರುತ್ತದೆ. ಎರಡು ಕಣಿವೆಗಳು ಕೂಡುವ ಜಾಗಕ್ಕಿಂತ ಮೇಲೆ ಒಂದೊಂದರಲ್ಲೂ 13 ಪದರ, ಕೂಡಿದ ಮೇಲೂ 13. ಬೇರೆ ಬೇರೆ ದಿನ ಜಾರಿದ್ದರೆ ಕೆಳಗೆ 26 ಇರಬೇಕಿತ್ತು. ಎರಡೂ ಒಟ್ಟಿಗೆ ಜಾರಿವೆ ಎಂದರೆ ನಡುಗಿದ್ದು ಇಡೀ ಪ್ರದೇಶ. ಪದರಗಳ ಕೆಳಗೆ ಸುಮಾರು 7,700 ವರ್ಷಗಳ ಹಿಂದೆ ಸಿಡಿದ ಮಜಾಮಾ ಜ್ವಾಲಾಮುಖಿಯ ಬೂದಿಯ ಗುರುತು ಇರುವುದರಿಂದ ಇದು ಅಷ್ಟು ವರ್ಷಗಳ ಲೆಕ್ಕ. ಸರಾಸರಿ ಅಂತರ 500ರಿಂದ 600 ವರ್ಷ. ನಿಜವಾದ ಅಂತರಗಳು ಬಹಳ ಏರುಪೇರು.

ಹಳೆಯ ಸುನಾಮಿ ಎಲ್ಲಿಯವರೆಗೆ ನುಗ್ಗಿತ್ತೆಂದು ತೋರಿಸುವ ನಕಾಶೆ ಬಿಡಿಸುವಾಗ ನೆನಪಿಡಬೇಕಾದ ಒಂದು ಮಾತು ಜಪಾನಿನ ಸೆಂಡೈ ಬಯಲಿನಿಂದ ಬಂದಿದೆ. 2011ರ ಸುನಾಮಿಯ ನಂತರ ಅಲ್ಲಿ ಅಳೆದ ಒಂದೆಡೆ ಕಣ್ಣಿಗೆ ಕಾಣುವ ಮರಳಿನ ಹಾಸು ಸುಮಾರು 3 ಕಿ.ಮೀ. ಒಳಗೆ ನಿಂತಿತ್ತು; ನೀರು ಅದನ್ನೂ ದಾಟಿ 4 ಕಿ.ಮೀ.ಗಿಂತ ಹೆಚ್ಚು ಹೋಗಿತ್ತು. ಆದ್ದರಿಂದ ಹಳೆಯ ಸುನಾಮಿಯ ಮರಳು ಮುಗಿಯುವಲ್ಲಿ ನಾನು ಗೆರೆ ಎಳೆದು, ಪಕ್ಕದಲ್ಲಿ ‘ನೀರು ಕನಿಷ್ಠ ಇಲ್ಲಿಯವರೆಗೆ’ ಎಂದು ಬರೆಯುತ್ತಿದ್ದೇನೆ.