ಧೂಳು ಕುಂತ್ರ ಕೂಡ್ಲಿ, ಅರಿವಿ ಒಳಗಿಡ್ರಿ

ದಿನಾ ರಸ್ತೆಗೆ ಬೀಳುವ ಗಾಡಿಗಿಂತ ಶೆಡ್ಡಿನಲ್ಲಿ ನಿಂತ ಗಾಡಿಯ ಪೇಂಟೇ ಹೆಚ್ಚು ಗೀರಿರುತ್ತದೆ ಅಂದರೆ ಬಹಳ ಮಂದಿ ನಂಬುವುದಿಲ್ಲ. ನಮ್ಮ ವರ್ಕ್‌ಶಾಪಿಗೆ ಬರುವ ಹಳೇ ಗಾಡಿಗಳಲ್ಲಿ ಇದು ತೀರಾ ಮಾಮೂಲು. ಧಾರವಾಡದ ಮಾಳಮಡ್ಡಿಯ ಪದ್ಮಿನಿ ಕಾರು, ಹುಬ್ಬಳ್ಳಿ ವಿದ್ಯಾನಗರದ ಕಪ್ಪು ಕಾಂಟೆಸ್ಸಾ, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ಅಪ್ಪನ ನೆನಪಿಗೆ ಇಟ್ಟುಕೊಂಡಿರುವ ಅಂಬಾಸಿಡರ್. ತಿಂಗಳಿಗೆ ಒಂದೆರಡು ರವಿವಾರ ಹೊರಗೆ ಬರುತ್ತವೆ, ಕಲಘಟಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಎಲ್ಲಾದರೂ ಚಹಾ ಕುಡಿದು ವಾಪಸ್ಸು ಬಂದು ನಿಲ್ಲುತ್ತವೆ. ಮಳೆ ತಾಗಿಲ್ಲ, ಬಿಸಿಲು ತಾಗಿಲ್ಲ. ಆದರೂ ಬಾನೆಟ್ ಮೇಲೆ ಟಾರ್ಚ್ ಬಿಟ್ಟರೆ ಜೇಡ ಬಲೆ ನೇಯ್ದ ಹಾಗೆ ಗೀರು.

"ದಿನಾ ಮುಂಜಾನೆ ಒರಸ್ತೀನ್ರಿ, ಒಂದಿನಾನೂ ತಪ್ಪಿಸಿಲ್ಲ. ಆದ್ರೂ ಹಿಂಗ್ಯಾಕ ಆಗೇತ್ರಿ?" ಅಂತಾರೆ.

ದಿನಾ ಒರೆಸುವುದಕ್ಕೇ ಆಗಿದೆ. ಇಷ್ಟು ಹೇಳಿದರೆ ಮುಗಿಯಬೇಕಿತ್ತು. ಆದರೆ ಎದುರಿಗೆ ತಲೆ ಅಲ್ಲಾಡಿಸಿ ಹೋದವರೇ ಆರು ತಿಂಗಳು ಬಿಟ್ಟು ಅದೇ ಗಾಡಿ, ಅದೇ ಗೀರು, ಅದೇ ಪ್ರಶ್ನೆ ಹೊತ್ತು ಬರುತ್ತಾರೆ. ಹಾಗಾಗಿ ಇವತ್ತು ಇದೊಂದನ್ನೇ ವಿಸ್ತಾರವಾಗಿ ಬರೆಯುತ್ತೇನೆ. ಯಾವ ಶಾಂಪೂ, ಯಾವ ವ್ಯಾಕ್ಸ್ ಅನ್ನುವುದನ್ನೆಲ್ಲ ನೀವು ಆಗಲೇ ನನಗಿಂತ ಹೆಚ್ಚು ಓದಿಕೊಂಡಿರುತ್ತೀರಿ.

ಗೀರು ಹಾಕುವುದು ಬಟ್ಟೆಯಲ್ಲ, ಬಟ್ಟೆಯ ಕೆಳಗೆ ಸಿಕ್ಕಿಕೊಂಡ ಕಣ. ನಮ್ಮ ಕಡೆಯ ಧೂಳಿನಲ್ಲಿ ಏನೇನಿದೆ ನೋಡಿ. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗಿನ ಕಡೆ ಎರಿ ಮಣ್ಣು. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು. ಇವೆರಡರ ಜೊತೆಗೆ ವರ್ಷವಿಡೀ ಎಲ್ಲಾದರೂ ನಡೆದೇ ಇರುವ ರಸ್ತೆ ಅಗೆತ, ಜಲ್ಲಿ, ಎಂ-ಸ್ಯಾಂಡಿನ ಪುಡಿ. ಎರಿ ಮಣ್ಣಿನ ಜೇಡಿ ಅಂಶ ನುಣುಪಾಗಿರುತ್ತದೆ, ಅದರಷ್ಟಕ್ಕೆ ಬಿಟ್ಟರೆ ಅಂಥ ಅಪಾಯವಿಲ್ಲ. ಅಪಾಯ ಇರುವುದು ಮರಳಿನ ಕಣದಲ್ಲಿ, ಅಂದರೆ ಕ್ವಾರ್ಟ್ಸ್‌ನಲ್ಲಿ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್ 7ಕ್ಕೆ ನಿಲ್ಲುತ್ತದೆ. ಕಿಟಕಿ ಗಾಜು ಸುಮಾರು 5.5. ಗಾಜನ್ನೇ ಗೀರುವ ವಸ್ತು ಅದು. ನಿಮ್ಮ ಗಾಡಿಯ ಮೇಲ್ಪದರ ಗಾಜಲ್ಲ, ಒಂದು ಬಗೆಯ ಪ್ಲಾಸ್ಟಿಕ್ಕು. ಅದರ ಮೇಲೆ ಈ ಕಣಗಳನ್ನು ಇಟ್ಟು, ಮೇಲೊಂದು ಬಟ್ಟೆ ಹಾಕಿ, ಅಂಗೈಯಿಂದ ಒತ್ತಿ ಎಳೆದರೆ ಇನ್ನೇನಾಗಬೇಕು?

ಇಲ್ಲಿಗೆ ಬಂದಾಗ ಎಲ್ಲರೂ ತಪ್ಪದೇ ಹೇಳುವ ಮಾತು: "ನಂದು ಮೈಕ್ರೋಫೈಬರ್ ಐತ್ರಿ."

ಇರಲಿ. ರೇಷ್ಮೆ ಸೀರೆಯ ಸೆರಗೇ ಇರಲಿ. ಬಟ್ಟೆ ಎಷ್ಟು ಮೆತ್ತಗಿದೆ ಅನ್ನುವುದು ಎರಡನೇ ಮಾತು, ಅದರ ಕೆಳಗೆ ಏನಿದೆ ಅನ್ನುವುದು ಮೊದಲನೇದು. ಮೈಕ್ರೋಫೈಬರಿನ ಗುಣವೇ ಕಣಗಳನ್ನು ಹಿಡಿದಿಟ್ಟುಕೊಳ್ಳುವುದು. ಒದ್ದೆ ಮಾಡಿ, ಜಾರುವ ದ್ರವದ ಜೊತೆ ಬಳಸಿದಾಗ ಆ ಗುಣ ನಿಮ್ಮ ಪರ. ಒಣಗಿದ್ದಾಗ ಬಳಸಿದರೆ ಬಾನೆಟ್ಟಿನ ಈ ತುದಿಯಲ್ಲಿ ಹಿಡಿದ ಮರಳನ್ನು ಆ ತುದಿಯವರೆಗೆ ಎಳೆದುಕೊಂಡು ಹೋಗುತ್ತದೆ. ಅಪ್ಪನ ಹಳೇ ಧೋತರದ ತುಂಡು, ಹರಿದ ಬನಿಯನ್ನು, ಬೆಟಗೇರಿಯ ಪರಿಚಯದ ನೇಕಾರರು ಕೊಟ್ಟ ನೂಲಿನ ವೇಸ್ಟು, ಆನ್‌ಲೈನಲ್ಲಿ ತರಿಸಿದ ದುಬಾರಿ ಟವೆಲ್, ಯಾವುದೂ ಇದಕ್ಕೆ ಹೊರತಲ್ಲ. ಎಳೆ ಎಳೆಯಾದ ನೂಲಿಗೆ ಮೇಣ ಹಚ್ಚಿದ ಉದ್ದ ಹಿಡಿಕೆಯ ಡಸ್ಟರ್ ಬರುತ್ತದಲ್ಲ, ಅದರ ಬಗ್ಗೆ ಕೇಳುತ್ತಾರೆ. ಒತ್ತದೆ, ಬರೀ ತಾಗಿಸಿ ಎತ್ತಿದರೆ ಹಾನಿ ಕಡಿಮೆ. ಆದರೆ ಒತ್ತದೆ ಬಳಸುವವರನ್ನು ನಾನಂತೂ ಕಂಡಿಲ್ಲ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ. ಕಾಂಟೆಸ್ಸಾದ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕದ ಮನುಷ್ಯ. ಅವರು ಕೇಳಿದರು: "ನಾವು ಉದ್ದಕ್ಕ ಒರಸ್ತೀವಿ. ಗೀರು ನೋಡಿದ್ರ ದುಂಡಕ ಐತಿ. ಅಂದಮ್ಯಾಲ ಅದು ನಮ್ಮದಲ್ಲ, ಹಿಂದಕ ಯಾರೋ ಪಾಲಿಶ್ ಮಾಡಿದವರದು." ಮಾತು ಸರಿಯಾಗೇ ಇದೆ ಅನ್ನಿಸುತ್ತದೆ. ಬಾಯಿಂದ ಹೇಳುವ ಬದಲು ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ಅವರ ಕೈಗೇ ಕೊಟ್ಟೆ. ಬೆಳಕು ಬಿದ್ದ ಜಾಗದ ಸುತ್ತ ವೃತ್ತಗಳು ಕಂಡವು. "ಸರ್, ಈಗ ಟಾರ್ಚನ್ನ ಒಂದು ಗೇಣು ಬಲಕ್ಕ ಸರಸ್ರಿ" ಅಂದೆ. ವೃತ್ತಗಳೂ ಒಂದು ಗೇಣು ಬಲಕ್ಕೆ ಸರಿದವು. ಮತ್ತೆ ಎಡಕ್ಕೆ ಸರಿಸಿದರು, ವೃತ್ತಗಳೂ ಬಂದವು. ಪೇಂಟಿನಲ್ಲಿ ಕೊರೆದ ವೃತ್ತ ಆಗಿದ್ದರೆ ಟಾರ್ಚಿನ ಹಿಂದೆ ಓಡಾಡುತ್ತಿತ್ತೇ? ನಿಜ ಏನೆಂದರೆ ಮೇಲ್ಮೈ ತುಂಬ ಎಲ್ಲ ದಿಕ್ಕಿಗೂ ಸಣ್ಣ ಸಣ್ಣ ನೆಟ್ಟ ಗೀರುಗಳಿರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಮಿನುಗುತ್ತವೆ, ಉಳಿದವು ಸುಮ್ಮನಿರುತ್ತವೆ. ಬಿಂದುವಿನ ಸುತ್ತ ಅಡ್ಡಲಾಗಿ ಬಿದ್ದ ತುಂಡುಗಳೆಲ್ಲ ಸೇರಿದರೆ ಕಣ್ಣಿಗೆ ವೃತ್ತ. ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಒರೆಸಿ, ವರ್ಷಾನುಗಟ್ಟಲೆ ಒರೆಸಿದ ಮೇಲೆ ಬರುವುದು ಇದೇ ಚಿತ್ರ. ಅವರು ಎಷ್ಟೋ ಹೊತ್ತು ಟಾರ್ಚ್ ಆಡಿಸುತ್ತಲೇ ಇದ್ದರು. ಆಮೇಲೆ ಮನೆಯಲ್ಲಿದ್ದ ಫ್ರಿಜ್ಜಿನ ಬಾಗಿಲನ್ನೂ ಹಾಗೇ ನೋಡಿದರಂತೆ, ಫೋನ್ ಮಾಡಿ ಹೇಳಿದರು.

ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು, ಕಂಪೌಂಡ್, ಅಂದರೆ ತಿಕ್ಕಿ ಹೊಳಪು ಬರಿಸುವ ಪೇಸ್ಟು, ಹೊಡೆದರೆ ಹೋಗುತ್ತದಲ್ಲ ಅನ್ನುವವರಿಗೆ ದಪ್ಪದ ಲೆಕ್ಕ ಹೇಳಬೇಕಾಗುತ್ತದೆ. ಈಗಿನ ಕಾರುಗಳ ಕಂಪನಿ ಪೇಂಟು ಪ್ರೈಮರ್‌ನಿಂದ ಮೇಲ್ಪದರದವರೆಗೆ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳಪು ಕೊಡುವ, ಬಿಸಿಲನ್ನು ತಡೆಯುವ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಹೆಚ್ಚು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಕಂಪೌಂಡ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಪೇಂಟನ್ನು ಗೀರಿನ ತಳದವರೆಗೆ ಸವೆಸಿ ಮಟ್ಟ ಮಾಡುತ್ತದೆ. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಯಿತು, ಮರಳಿ ಬರುವಂಥದ್ದಲ್ಲ. ಹಳೇ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಎಷ್ಟೋ ಸಲ ಕ್ಲಿಯರ್ ಕೋಟೇ ಇರುವುದಿಲ್ಲ, ಬಣ್ಣವೇ ಮೇಲ್ಪದರ. ಪರೀಕ್ಷೆ ಸುಲಭ: ಬಾಗಿಲ ಒಳ ಅಂಚಿನಂಥ ಕಾಣದ ಜಾಗದಲ್ಲಿ ಬಿಳೀ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮೆಲ್ಲಗೆ ತಿಕ್ಕಿ. ಬಟ್ಟೆಗೆ ಗಾಡಿಯ ಬಣ್ಣ ಬಂದರೆ ನೀವು ತಿಕ್ಕುತ್ತಿರುವುದು ಬಣ್ಣವನ್ನೇ. ಪದ್ಮಿನಿಯ ಹಿಂದಿನ ರೆಕ್ಕೆಯ ಏಣು, ಅಂಬಾಸಿಡರ್ ಬಾನೆಟ್ಟಿನ ನಡುಗೆರೆ, ಇಂಥ ಕಡೆ ಪೇಂಟು ಮೊದಲೇ ತೆಳು. ಅಲ್ಲಿ ಕಂದು ಪ್ರೈಮರ್ ಇಣುಕುತ್ತಿದ್ದರೆ ಹಿಂದೆ ಯಾರೋ ಮಷೀನನ್ನು ಜೋರಾಗಿ ಆಡಿಸಿದ್ದಾರೆ ಅಂತಲೇ ಅರ್ಥ. ಪೇಂಟು ಹಿತ್ತಾಳೆ ತಂಬಿಗೆಯಲ್ಲ, ಬೂದಿ ಹಾಕಿ ತಿಕ್ಕಿದಷ್ಟೂ ಹೊಳೆಯೋದಕ್ಕೆ.

ಪೇಂಟಿನ ಮೇಲೆ ಕಾವಲಿಗೆ ಹಚ್ಚುವ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಈ ತಾಪತ್ರಯ ಇಲ್ಲವಲ್ಲ ಅಂತಲೂ ಕೇಳುತ್ತಾರೆ. ಅದನ್ನು ಮಾಡುವುದರಲ್ಲಿ ನನಗೂ ನಾಲ್ಕು ಕಾಸು ಸಿಗುತ್ತದೆ, ಆದರೂ ಹೇಳುತ್ತೇನೆ. ಡಬ್ಬಿಯ ಮೇಲೆ 9ಎಚ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಪೆನ್ಸಿಲ್ ಪರೀಕ್ಷೆಯ ಅಂಕಿ. ಬೇರೆ ಬೇರೆ ಗಡಸಿನ ಸೀಸದ ಕಡ್ಡಿಗಳಿಂದ ಗೀರಿ ನೋಡುತ್ತಾರೆ, ಅತಿ ಗಡಸು ಕಡ್ಡಿಗೂ ಗೀರು ಬೀಳದಿದ್ದರೆ 9ಎಚ್. ಮೋಸ್ ಮಾಪಕದ 9ಕ್ಕೂ ಇದಕ್ಕೂ ಸಂಬಂಧವಿಲ್ಲ. ಮರಳಿನ ಕಣ ಪೆನ್ಸಿಲ್ಲೂ ಅಲ್ಲ. ಕೋಟಿಂಗಿನಿಂದ ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ತೊಳೆಯುವುದು ಸಲೀಸು. ಒಣ ಬಟ್ಟೆಯಲ್ಲಿ ಒರೆಸುವವರ ಗಾಡಿಗೆ ಅದನ್ನು ಹಾಕಿದರೆ ಕೋಟಿಂಗಿನ ಮೇಲೇ ಗೀರು ಬೀಳುತ್ತದೆ.

ಹಾಗಾದರೆ ಏನು ಮಾಡಬೇಕು? ಶೆಡ್ಡಿನಲ್ಲಿ ನಿಂತ ಗಾಡಿಗೆ ಬಹುತೇಕ ದಿನ ಏನೂ ಮಾಡಬೇಕಾಗಿಲ್ಲ. ತೆಳ್ಳಗೆ ಧೂಳು ಕೂತಿದೆ, ಕೂತಿರಲಿ. ಒಣ ಧೂಳು ಸುಮ್ಮನೆ ಕೂತಿದ್ದರೆ ಪೇಂಟನ್ನು ತಿನ್ನುವುದಿಲ್ಲ. ಹಕ್ಕಿ ಹಿಕ್ಕೆ, ಬಾವಲಿಯ ಗಲೀಜು, ಮರದ ಅಂಟು ಬಿದ್ದರೆ ಮಾತ್ರ ತಡ ಮಾಡಬೇಡಿ. ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು ಎತ್ತಿ. ಗಾಡಿ ಹೊರಗೆ ತೆಗೆಯುವ ದಿನ ಬ್ಲೋವರ್ ಇದ್ದರೆ ಗಾಳಿ ಹೊಡೆಯಿರಿ, ಇಲ್ಲದಿದ್ದರೆ ಪೈಪಿನಿಂದ ನೀರು ಬಿಟ್ಟು ಧೂಳು ಹರಿದು ಹೋಗಲು ಬಿಡಿ. ಆಮೇಲೆಯೇ ನೊರೆ, ಆಮೇಲೆಯೇ ಕೈ. ಎರಡು ಬಕೀಟು (ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ), ಮೇಲಿನಿಂದ ಕೆಳಕ್ಕೆ, ಚಕ್ರದ ಬಟ್ಟೆ ಬೇರೆ, ಇದೆಲ್ಲ ನಿಮಗೆ ಗೊತ್ತಿದೆ. ಮಳೆಗಾಲದಲ್ಲಿ ಎರಿ ಮಣ್ಣು ಹಸಿಯಾಗಿ ಹತ್ತಿ ಒಣಗಿದ್ದರೆ ನೊರೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ, ಅವಸರಕ್ಕೆ ಬಗ್ಗುವ ಮಣ್ಣಲ್ಲ ಅದು. ತೊಳೆದ ಮೇಲೆ ಟವೆಲ್ಲನ್ನು ಹರವಿ, ಒತ್ತಿ, ಎತ್ತಿ. ಎಳೆಯಬೇಡಿ. ಟವೆಲ್ ಒಗೆಯುವಾಗ ಸುವಾಸನೆಯ ಫ್ಯಾಬ್ರಿಕ್ ಕಂಡೀಷನರ್ ಬೇಡ, ಎಳೆಗಳಿಗೆ ಮೆತ್ತಿಕೊಂಡು ನೀರು ಹೀರುವ ಗುಣ ಕೆಡಿಸುತ್ತದೆ. ನೆಲಕ್ಕೆ ಬಿದ್ದ ಟವೆಲ್ ಆ ದಿನದ ಮಟ್ಟಿಗೆ ಸತ್ತಿತು ಅಂತ ತಿಳಿಯಿರಿ.

ನೀರಿನ ಮಾತು ಬಂದರೆ ನಮ್ಮ ಊರಿನವರು ನಗುತ್ತಾರೆ. ಮಲಪ್ರಭೆ ನೀರು ನಳಕ್ಕೆ ಯಾವತ್ತು ಬರುತ್ತದೆ ಅಂತ ಕಾದು ಕೂರುವ ಓಣಿಗಳಲ್ಲಿ ಗಾಡಿ ತೊಳೆಯಿರಿ ಅಂದರೆ ಮನೆಯಾಕಿ ಬೈಯುವುದರಲ್ಲಿ ತಪ್ಪಿಲ್ಲ. ಬೋರ್‌ವೆಲ್ ನೀರು ಗಡಸು, ಬಿಸಿಲಲ್ಲಿ ಒಣಗಿದರೆ ಸುಣ್ಣದ ಬಿಳೀ ಕಲೆ ಬಿಡುತ್ತದೆ, ಕಪ್ಪು ಗಾಡಿಯ ಮೇಲಂತೂ ಅದೇ ಒಂದು ತಲೆನೋವು. ಅಂಥವರಿಗೆ ಹರಿಸಿ ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ದ್ರವ ಸಿಗುತ್ತದೆ. ಒಂದು ಬಕೀಟು ಶುದ್ಧ ನೀರಿನ ಘಟಕದ ನೀರಿಗೆ ಬಾಟಲಿ ಮೇಲಿನ ಅಳತೆಯಷ್ಟೇ ಬೆರೆಸಿ, ಮೊದಲು ಸ್ಪ್ರೇ ಮಾಡಿ ನೆನೆಸಿ, ಆಮೇಲೆ ನೆನೆದ ಟವೆಲ್ಲಿನ ಒಂದೊಂದೇ ಮಡಿಕೆಯನ್ನು ಒಂದೊಂದು ಭಾಗಕ್ಕೆ ಬಳಸಿ. ಒಂದೇ ಮಗ್ಗುಲಲ್ಲಿ ಇಡೀ ಗಾಡಿ ಮುಗಿಸಿದರೆ ಮತ್ತೆ ಅದೇ ಕಥೆ. ಮಣ್ಣು ಗಟ್ಟಿ ಮೆತ್ತಿದ ಗಾಡಿಗೆ ಈ ಉಪಾಯ ಬೇಡ, ಶೆಡ್ಡಿನ ತೆಳು ಧೂಳಿಗೆ ಸಾಕು.

ಕವರ್ ಹಾಕುವವರಿಗೂ ಒಂದು ಮಾತು. ಸ್ವಚ್ಛ ಗಾಡಿಯ ಮೇಲೆ, ನಾಲ್ಕೂ ಕಡೆ ಗೋಡೆ ಇರುವ ಶೆಡ್ಡಿನಲ್ಲಿ, ಮೆತ್ತಗಿನ ಗಾಳಿಯಾಡುವ ಬಟ್ಟೆಯ ಕವರ್ ಒಳ್ಳೆಯದು. ಧೂಳಿನ ಗಾಡಿಯ ಮೇಲೆ ಎಳೆದ ಕವರ್ ಅಂದರೆ ಗಾಡಿಯಷ್ಟು ದೊಡ್ಡ ಒಣ ಅರಿವೆ. ಅದರಲ್ಲೂ ತೆರೆದ ತಗಡಿನ ಶೆಡ್ಡಿನಲ್ಲಿ, ಕಪ್ಪತಗುಡ್ಡದ ಕಡೆಯ ಊರುಗಳ ಗಾಳಿಗೆ ಕವರ್ ಬಡಿದುಕೊಳ್ಳುತ್ತ ದಿನವಿಡೀ ತಿಕ್ಕುತ್ತಲೇ ಇರುತ್ತದೆ. ಗದಗಿನ ಅಂಬಾಸಿಡರ್‌ನ ಛಾವಣಿ ಹಾಳಾಗಿದ್ದು ಹೀಗೆಯೇ ಇರಬೇಕು ಅಂತ ನನ್ನ ಅಂದಾಜು. ಮೂಲೆಗಳಲ್ಲೇ ಸವೆತ ಹೆಚ್ಚಿತ್ತು.

ಖಂಡೇನವಮಿಯ ಮರುವಾರ ನಮಗೆ ಸುಗ್ಗಿ. ಹಾರದ ತಂತಿ ಬಾನೆಟ್ಟಿಗೆ ಗೀರಿರುತ್ತದೆ, ಲಿಂಬೆಹಣ್ಣಿನ ರಸ ಸುರಿದು ಒಣಗಿರುತ್ತದೆ, ಕುಂಕುಮ ಒದ್ದೆಯಾಗಿ ಬಿಳೀ ಪೇಂಟಿಗೆ ಇಳಿದಿರುತ್ತದೆ. ವಿಭೂತಿಯನ್ನಂತೂ ಮರುದಿನ ಒಣ ಬಟ್ಟೆಯಲ್ಲೇ ಒರೆಸಿರುತ್ತಾರೆ, ಮೂರು ಬೆರಳಿನ ಜಾಗ ಸ್ಪಷ್ಟವಾಗಿ ಮಬ್ಬು. ಪೂಜೆ ಬಿಡಿ ಅನ್ನುವಷ್ಟು ಧೈರ್ಯ ನನಗಿಲ್ಲ, ನಮ್ಮ ಮಷೀನುಗಳಿಗೂ ಅವತ್ತೇ ಪೂಜೆ. ವಿಭೂತಿ, ಕುಂಕುಮವನ್ನು ಮುಂದಿನ ಗಾಜಿಗೆ ಹಚ್ಚಿ. ಹಾರಕ್ಕೆ ತಂತಿಯ ಬದಲು ದಾರ ಇರಲಿ. ಮಾಳಮಡ್ಡಿಯ ಅಜ್ಜಿ ಇದನ್ನು ಕೇಳಿ "ಗಾಜೂ ಗಾಡೀದ ಅಲ್ಲೇನಪಾ" ಅಂತ ಒಂದೇ ಮಾತಿಗೆ ಒಪ್ಪಿದರು. ಒಪ್ಪದವರು ಮಗ.

ಈಗಾಗಲೇ ಗೀರು ತುಂಬಿದ ಗಾಡಿ ಇದ್ದವರು ಗಾಬರಿಯಾಗಬೇಡಿ, ಅವಸರವನ್ನೂ ಮಾಡಬೇಡಿ. ಎಲ್ಲೇ ಕೊಟ್ಟರೂ ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುತ್ತಾರೋ ಕೇಳಿ. ಬಾನೆಟ್ಟಿನಲ್ಲಿ ಒಂದು ಅಂಕಿ, ಬಾಗಿಲಲ್ಲಿ ಅದರ ಮೂರು ಪಟ್ಟು ಬಂದರೆ ಬಾಗಿಲಿಗೆ ಹಿಂದೆ ಪುಟ್ಟಿ, ಮರುಪೇಂಟು ಆಗಿರುವ ಸಂಭವ ಹೆಚ್ಚು. ಬರೀ ಎಣ್ಣೆ, ಮೇಣ ಇರುವ ಗ್ಲೇಜ್ ಹಚ್ಚಿ ಗೀರು ಮುಚ್ಚಿ ಕೊಡುವವರೂ ಇದ್ದಾರೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರು. ಪೂರ್ತಿ ಕನ್ನಡಿಯಂತಾಗಲೇಬೇಕು ಅನ್ನುವ ಹಟವೂ ಬೇಡ. ಪದ್ಮಿನಿ ತಯಾರಾಗುವುದು 2000ದ ಸುಮಾರಿಗೇ ನಿಂತಿತು, ಅಂಬಾಸಿಡರ್ 2014ರಲ್ಲಿ. ಅವುಗಳ ಮೇಲೆ ಉಳಿದಿರುವ ಕಂಪನಿ ಪೇಂಟು ಇನ್ನೆಲ್ಲೂ ಸಿಗುವುದಿಲ್ಲ. ಹತ್ತರಲ್ಲಿ ಏಳು ಗೀರು ಹೋಗಿ, ಆಳವಾದ ಮೂರು ಉಳಿದರೆ ನಾನು ಅಲ್ಲಿಗೇ ಮಷೀನ್ ಕೆಳಗಿಡುತ್ತೇನೆ. ಕೆಲವರಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸ ಅನ್ನಿಸುತ್ತದೆ, ಬೇರೆ ಕಡೆ ಹೋಗುತ್ತಾರೆ. ಹೋಗಲಿ.

ಇನ್ನೊಂದು. ಗಾಡಿ ತೋರಿಸಲು ತರುವವರು ನಮ್ಮ ಗೇಟಿನ ಹೊರಗೆ ನಿಲ್ಲಿಸಿ, ಡಿಕ್ಕಿಯಿಂದ ಬಟ್ಟೆ ತೆಗೆದು ಒಂದು ಸಲ ಸರ್ರನೆ ಒರೆಸಿಯೇ ಒಳಗೆ ತರುತ್ತಾರೆ. ಧೂಳಿನ ಗಾಡಿ ತೋರಿಸಲು ನಾಚಿಕೆಯಂತೆ. ನನ್ನ ಮುಂದೆ ನಾಚಿಕೆ ಬೇಡ, ಹಾಗೇ ಒಳಗೆ ತನ್ನಿ.