ಉಗುರು ಕತ್ತರಿಸುವ ಮೊದಲು ಟಾರ್ಚ್ ಹಿಡಿದು ನೋಡಿ

ಕಳೆದ ತಿಂಗಳು ಒಬ್ಬರು ಬುಟ್ಟಿಯಲ್ಲಿ ಗಿರಿರಾಜ ತಳಿಯ ಹೇಂಟೆಯನ್ನು ಹೊತ್ತುಕೊಂಡು ಬಂದರು. ಕೋಳಿಯ ನಡುಬೆರಳಿಗೆ ಸುತ್ತಿದ್ದ ಬಟ್ಟೆ ಪೂರ್ತಿ ಕೆಂಪಾಗಿತ್ತು. ಉಗುರು ಉದ್ದ ಬೆಳೆದು ಪಕ್ಕಕ್ಕೆ ತಿರುಚಿಕೊಂಡಿತ್ತಂತೆ. ಮನೆಯ ನೇಲ್ ಕಟರ್‌ನಿಂದ ಒಂದೇ ಏಟಿಗೆ ಕತ್ತರಿಸಿಬಿಟ್ಟಿದ್ದರು. ಪಾಪ, ಅವರ ಕೈ ಇನ್ನೂ ನಡುಗುತ್ತಿತ್ತು.

ತಿಪ್ಪೆ ಕೆದಕುವ ಕೋಳಿಗೆ ಈ ತಾಪತ್ರಯ ಇರುವುದಿಲ್ಲ. ಮಣ್ಣು, ಕಲ್ಲುಗಳೇ ಅದರ ಉಗುರು ಸವೆಸುತ್ತವೆ. ಮಹಡಿ ಮೇಲಿನ ಗೂಡಿನಲ್ಲಿ, ಮೆತ್ತನೆಯ ಹೊಟ್ಟಿನ ಮೇಲೆ ಬೆಳೆಯುವ ಕೋಳಿಗೆ ಆ ಅವಕಾಶ ಎಲ್ಲಿದೆ?

ಕೋಳಿಯ ಉಗುರಿನೊಳಗೆ ರಕ್ತನಾಳ ಮತ್ತು ನರ ಇರುವ ಜೀವಂತ ಭಾಗವಿದೆ. ಉಗುರು ಬಿಳಿಯಾಗಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ, ಒಳಗೆ ಗುಲಾಬಿ ಗೆರೆ ಕಾಣುತ್ತದೆ. ಅದರಿಂದ ದೂರದಲ್ಲೇ ಕತ್ತರಿಸಬೇಕು. ಕಡಕ್‌ನಾಥ್ ತರಹದ ಕಪ್ಪು ತಳಿಗಳ ಕಪ್ಪು ಉಗುರಿನಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ಒಂದೊಂದು ಮಿಲಿಮೀಟರ್‌ನಷ್ಟೇ ತೆಗೆಯುತ್ತಾ ಹೋಗಿ. ಸಾಕು ಅನಿಸಿದ ಕೂಡಲೇ ನಿಲ್ಲಿಸಿ. ತುಂಬಾ ಉದ್ದ ಬೆಳೆದಿದ್ದರೆ ಒಂದೇ ದಿನ ಸರಿಮಾಡಲು ಹೋಗಬೇಡಿ. ಎರಡು ವಾರ ಬಿಟ್ಟು ಮತ್ತೆ ಸ್ವಲ್ಪ ತೆಗೆಯಿರಿ. ಹೀಗೆ ಮಾಡುತ್ತಾ ಹೋದರೆ ಒಳಗಿನ ರಕ್ತನಾಳವೂ ಮೆಲ್ಲಗೆ ಹಿಂದೆ ಸರಿಯುತ್ತದೆ.

ಈ ಕೆಲಸಕ್ಕೆ ಸಂಜೆ ಹೊತ್ತು ಒಳ್ಳೆಯದು, ಆಗ ಕೋಳಿ ಮಂಕಾಗಿ ಸುಮ್ನೆ ಇರುತ್ತದೆ. ಟವೆಲ್‌ನಲ್ಲಿ ರೆಕ್ಕೆ ಸೇರಿಸಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಳ್ಳಿ. ಎದೆಯನ್ನು ಮಾತ್ರ ಒತ್ತಿ ಹಿಡಿಯಬೇಡಿ. ಕೋಳಿಗೆ ನಮ್ಮ ಹಾಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ, ಎದೆಗೂಡು ಆಡಿದರೇ ಉಸಿರು. ಪಾದಗಳನ್ನು 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟರೆ ಉಗುರು ಮೆತ್ತಗಾಗಿ ಸೀಳುವುದಿಲ್ಲ.

ಆದರೂ ರಕ್ತ ಬಂತಾ? ಗಾಬರಿ ಬೇಡ. ಕಾರ್ನ್ ಫ್ಲೋರ್ ಅಥವಾ ಪಟಿಕದ ಪುಡಿ ಹಚ್ಚಿ, ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ರಕ್ತ ಪೂರ್ತಿ ನಿಂತು ಒಣಗುವವರೆಗೆ ಆ ಕೋಳಿಯನ್ನು ಬೇರೆ ಇಡಿ. ಕೆಂಪು ಕಂಡರೆ ಉಳಿದ ಕೋಳಿಗಳು ಅದೇ ಜಾಗವನ್ನು ಕುಕ್ಕುತ್ತವೆ.

ಕೊಕ್ಕಿನ ವಿಷಯದಲ್ಲಿ ನಾನು ಇನ್ನೂ ಜಾಸ್ತಿ ಬಿಗಿ. ಮೇಲಿನ ಕೊಕ್ಕು ಕೆಳಗಿನದಕ್ಕಿಂತ ಸ್ವಲ್ಪ ಮುಂದಿರುವುದು ಸಹಜ, ಅದನ್ನು ಮುಟ್ಟಬೇಡಿ. ಕಾಳು ಹೆಕ್ಕಲು ತೊಂದರೆ ಆಗುವಷ್ಟು ಬಾಗಿದ್ದರೆ ಮಾತ್ರ ತುದಿಯ ತೆಳು ಭಾಗವನ್ನು ನೇಲ್ ಫೈಲ್‌ನಿಂದ ಉಜ್ಜಿ. ಕತ್ತರಿ ಬೇಡ. ಕೋಳಿಗೆ ಕೊಕ್ಕಿನ ತುದಿಯೇ ಬೆರಳು, ಅಲ್ಲಿ ನರಗಳು ತುಂಬಿವೆ. ಫಾರಂಗಳಲ್ಲಿ ಮರಿಗಳ ಕೊಕ್ಕನ್ನು ಬಿಸಿ ಬ್ಲೇಡಿನಿಂದ ಕತ್ತರಿಸುವುದನ್ನು ನೋಡಿ ಮನೆಯಲ್ಲೂ ಹಾಗೆ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಅದು ಕಿಕ್ಕಿರಿದ ಶೆಡ್‌ನಲ್ಲಿ ಒಂದನ್ನೊಂದು ಕುಕ್ಕದಿರಲಿ ಅಂತ ಮಾಡುವ ಕೆಲಸ. ನಿಮ್ಮ ನಾಲ್ಕು ಕೋಳಿಗಳಿಗೆ ಬೇಕಿರುವುದು ಓಡಾಡಲು ಜಾಗ.

ಆ ಹೇಂಟೆಯ ಮನೆಗೆ ಹೋದಾಗ ಒಂದು ಅಗಲದ ಟಬ್ಬಿಗೆ ಮಣ್ಣು ತುಂಬಿಸಿ ಇಡಿಸಿದೆ. ಪಕ್ಕದಲ್ಲಿ ಒರಟು ಚಪ್ಪಡಿ ಕಲ್ಲು ಹಾಕಿ, ತೌಡು ಕಲಸಿದ್ದನ್ನು ಅದರ ಮೇಲೇ ಇಡಲು ಹೇಳಿದೆ. ತಿಂದಾದ ಮೇಲೆ ಅದು ಕೊಕ್ಕನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಕಲ್ಲಿಗೆ ಒರೆಸಿತು. ನೋಡಿದ್ದೀರಲ್ವಾ, ಚಾಕು ಮಸೆದ ಹಾಗೆ?

ಮೇಲಿನ ಕೊಕ್ಕು, ಕೆಳಗಿನ ಕೊಕ್ಕು ಕತ್ತರಿಯಂತೆ ಅಡ್ಡಡ್ಡ ಹೋಗಿದ್ದರೆ ಅಥವಾ ಹುಂಜದ ಕಾಲುಮುಳ್ಳು ಮಾಂಸಕ್ಕೆ ಚುಚ್ಚುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಕಾಲುಮುಳ್ಳಿನೊಳಗೆ ಮೂಳೆ ಇರುತ್ತದೆ.